ಬಿಳಿ ಪಟ್ಟಿ

ವಸಂತನಗರದ ಅಂಡರ್‌ಪಾಸ್ ದಾಟಿ ಎಡಕ್ಕೆ ತಿರುಗಿದರೆ
ಹಾಲಿನ ಬೂತಿಗೂ ಹೊಲಿಗೆಯವನಿಗೂ ನಡುವೆ
ಏಳಡಿ ಅಗಲದ ನನ್ನ ಅಂಗಡಿ.
ಝೆರಾಕ್ಸ್, ಲ್ಯಾಮಿನೇಷನ್, ಸ್ಪೈರಲ್.
ಬೋರ್ಡಿನ ‘ಲ್ಯಾ’ ಉದುರಿ ಮೂರು ವರ್ಷ,
ಯಾರೂ ದಾರಿ ತಪ್ಪಿಲ್ಲ.

ಎಷ್ಟು ಅಂಕಪಟ್ಟಿಗಳು ಈ ಗಾಜಿನ ಮೇಲೆ
ಬೋರಲು ಮಲಗಿ ಎದ್ದಿವೆಯೋ.
ಆರುನೂರ ಇಪ್ಪತ್ತೈದಕ್ಕೆ ಆರುನೂರ ಹತ್ತೊಂಬತ್ತು,
ಅದೇ ಆರುನೂರ ಇಪ್ಪತ್ತೈದಕ್ಕೆ ನೂರ ತೊಂಬತ್ತೆಂಟು,
ಎರಡರಡಿಗೂ ಹರಿಯುವುದು ಅದೇ ಹಸಿರು ಬೆಳಕು,
ಎರಡಕ್ಕೂ ಎರಡೇ ರೂಪಾಯಿ.

ಜುಲೈ. ಜಿಟಿಜಿಟಿ.
ದೊಡ್ಡ ಗೇಟಿನ ಶಾಲೆಯ ನೇಸರ ಬಂದಳು,
ಆರನೇ ಕ್ಲಾಸಿನಿಂದ ಚಾರ್ಟಿಗೂ ಅಂಟಿಗೂ
ನನ್ನಲ್ಲಿಗೇ ಬರುವವಳು.
ಕೊಡೆ ಮಡಿಸದೆ ಹಾಳೆ ಚಾಚಿದಳು:
“ಒಂದು ಕಾಪಿ, ಆಂಟಿ.”

ನಾಲ್ಕೇ ಸಾಲು.
ಕ್ಯಾಲ್ಕ್ಯುಲಸ್ ಐದು. ಮನಶ್ಶಾಸ್ತ್ರ ಐದು.
ಜೀವಶಾಸ್ತ್ರ ನಾಲ್ಕು. ಭೌತಶಾಸ್ತ್ರ ಎರಡು.
ಅಯ್ಯೋ ಮಗಳೇ, ಅಂದೆ.
ಐದು ಅಂದರೆ ನಮ್ಮ ಕಾಲಕ್ಕೆ
ಕೆಂಪು ಇಂಕಿನಲ್ಲಿ ಸುತ್ತು ಹಾಕಿಸಿಕೊಂಡು
ಅಪ್ಪನ ಸಹಿಗೆ ನಿಲ್ಲುತ್ತಿದ್ದ ಸಂಖ್ಯೆ.
ನಕ್ಕುಬಿಟ್ಟಳು. “ಐದಕ್ಕೇ ಐದು. ಅದರ ಮೇಲೆ ಇಲ್ಲ.”

ಐದೇ ಮೆಟ್ಟಿಲಿನ ಏಣಿ!
ನನ್ನದು ನೂರು ಮೆಟ್ಟಿಲಿನದು,
ಗಣಿತದಲ್ಲಿ ಮೂವತ್ತನಾಲ್ಕರವರೆಗೆ ಹತ್ತಿದ್ದೆ.

“ಹಾಗಾದರೆ ಕಾಲೇಜು ಸಿಕ್ಕಿತು ಬಿಡು.”
“ಯಾರಿಗೆ ಗೊತ್ತು, ಆಂಟಿ.
ಕೊಟ್ಟರೆ ನೋಡ್ತೀವಿ ಅನ್ನುತ್ತೆ ಒಂದು ಕಾಲೇಜು,
ಕೊಡದಿದ್ರೂ ಪರವಾಗಿಲ್ಲ ಅನ್ನುತ್ತೆ ಇನ್ನೊಂದು.
ನೂರು ಜನ ಬಾಗಿಲಿಗೆ ಹೋದ್ರೆ ಒಳಗೆ ಬಿಡೋದು ನಾಲ್ಕು ಜನಾನ.
ಓದಿದ್ದು ಮುಖ್ಯ, ಅಂಕ ಆಮೇಲೆ ಅಂತಾರೆ ಕೌನ್ಸೆಲರ್.
ಎಷ್ಟು ಆಮೇಲೆ ಅಂತ ಮಾತ್ರ ಹೇಳಲ್ಲ.”
ಎರಡರ ಮೇಲೆ ಬೆರಳಿಟ್ಟಳು.
“ಇದನ್ನ ಕಳಿಸಲಾ, ಬಿಡಲಾ?”

ಒಬ್ಬ ಬಂದಿದ್ದ, ಬಹಳ ವರ್ಷದ ಹಿಂದೆ,
ಶಟರು ಅರ್ಧ ಇಳಿಸಿದ ಮೇಲೆ,
ಕಂಡಕ್ಟರ್ ಖಾಕಿಯಲ್ಲೇ.
ಮಗನ ಅಂಕಪಟ್ಟಿ, ಜೊತೆಗೊಂದು ಬಿಳಿ ಕಾಗದದ ಪಟ್ಟಿ,
ಗಣಿತದ ಸಾಲಿಗೆ ಸರಿಯಾಗಿ ಕತ್ತರಿಸಿದ್ದು.
ಅಂಚು ಕೂದಲೆಳೆಯಷ್ಟೂ ಸೊಟ್ಟ ಇರಲಿಲ್ಲ.
“ಇದನ್ನ ಇಲ್ಲಿಟ್ಟು ಒಂದೇ ಒಂದು ಕಾಪಿ, ಅಮ್ಮ.”
ಆಗಲ್ಲ ಅಂದೆ. ಪೊಲೀಸು ಅಂದೆ.
ಪಟ್ಟಿ ಮಡಿಸಿ ಟಿಕೆಟ್ಟಿನ ಚೀಲಕ್ಕೆ ಹಾಕಿಕೊಂಡ.
ಕಾಪಿ ತೆಗೆಯದಿದ್ದರೂ
ಒಂದು ರೂಪಾಯಿ ಇಟ್ಟು ಹೋದ.

ಈಗ ಇವಳು ಹೇಳುತ್ತಾಳೆ,
ಬೇಕಾದ ಅಂಕ ತುಂಬಿ ಬೇಡದ್ದು ಬಿಡಬಹುದಂತೆ.
ತಪ್ಪಲ್ಲವಂತೆ, ನಿಯಮವೇ ಹಾಗಂತೆ.
ಬಿಳಿ ಪಟ್ಟಿಯನ್ನು ಅಲ್ಲಿ
ಅವರೇ ಕತ್ತರಿಸಿ ಕೊಡುತ್ತಾರೆ.

ಸಿಟ್ಟು ಬಂತು. ಯಾರ ಮೇಲೆ ಅಂತ ತಿಳಿಯಲಿಲ್ಲ.
ಮುಚ್ಚಳ ಎತ್ತಿ ಹಾಳೆ ಇಟ್ಟೆ.
“ಭೌತಶಾಸ್ತ್ರ ಬಿಟ್ಟುಹಾಕು ಹಾಗಾದರೆ.”
“ಅದೊಂದೇ, ಆಂಟಿ, ನಂಗೆ ಇಷ್ಟ ಆಗಿದ್ದು.”

ಬೆಳಕು ಹರಿಯಿತು.
ಅವಳು ಬಗ್ಗಿ ಯಂತ್ರದ ಬದಿಗೆ ಕಿವಿ ಕೊಟ್ಟು ಹೇಳಿದಳು,
ಒಳಗೆ ಒಂದು ಉರುಳೆ ಇದೆ,
ಅದರ ಮೈಯೆಲ್ಲ ವಿದ್ಯುತ್ತು,
ಬೆಳಕು ಬಿದ್ದ ಕಡೆ ಅದು ಅಳಿಯುತ್ತೆ,
ಬೀಳದ ಕಡೆ ಉಳಿಯುತ್ತೆ,
ಉಳಿದಲ್ಲಿಗೆ ಕಪ್ಪು ಪುಡಿ ಬಂದು ಅಂಟುತ್ತೆ.
ನಾವು ಓದೋದು, ಆಂಟಿ, ಬೆಳಕು ಮುಟ್ಟದ ಜಾಗಾನ.

ಇಪ್ಪತ್ತೆರಡು ವರ್ಷ ಆ ಪುಡಿ
ಉಗುರುಸಂದಿಯಲ್ಲಿಟ್ಟುಕೊಂಡು ಊಟ ಮಾಡಿದ್ದೇನೆ.
ಯಾರೂ ಹೇಳಿರಲಿಲ್ಲ.
ಕಂಪನಿಯ ಮೆಕ್ಯಾನಿಕ್ಕೂ.

ಕಳಿಸು ಅನ್ನಲಿಲ್ಲ. ಬಿಡು ಅನ್ನಲಿಲ್ಲ.
ನನ್ನ ಮಾತಿನಿಂದ ತೆರೆಯುವ ಬಾಗಿಲಲ್ಲ ಅದು.
ಬಿಸಿ ಹಾಳೆಯನ್ನು ಮಳೆ ತಾಕದಂತೆ
ಪ್ಲಾಸ್ಟಿಕ್ಕಿನಲ್ಲಿ ಹಾಕಿಕೊಟ್ಟೆ.
ಫೋನು ಎತ್ತಿ ಕೋಡಿಗೆ ಹಿಡಿದಳು, ಕೊಡೆ ಬಿಚ್ಚಿ ಹೊರಟಳು.
ಅವಳು ಹಾಲಿನ ಬೂತು ದಾಟಿದ ಮೇಲೆ,
ನೆಟ್‌ವರ್ಕು ನಿಧಾನ,
ಕೌಂಟರಿನ ಮೇಲಿನ ಡಬ್ಬಿ ಬೀದಿಗೆಲ್ಲ ಕೇಳುವಂತೆ ಕೂಗಿತು:
ಎರಡು,
ಎರಡು ರೂಪಾಯಿ ಸ್ವೀಕರಿಸಲಾಗಿದೆ.